ಕಡೇ ಪರಿಸಲು

ಅವರ ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮೂರಿನ ಹೊಸ ಹುಡುಗರಿಗೆ ಅದು ಯಾರೆಂದು ಗೊತ್ತಾಗುವುದು ಕಷ್ಟ. ಅಲ್ಲಿ ಅವರಿಗೆ ‘ಕಡೇ ಪರಿಸಲು’ ಎಂಬುದೇ ಹೆಸರಾಗಿ ನಿಂತುಬಿಟ್ಟಿತ್ತು. ಹರಿಗೋಲಿಗೆ ನಮ್ಮ ಕಡೆ ಪರಿಸಲು ಅನ್ನುತ್ತಾರೆ. ಬೆಳಿಗ್ಗೆ ಬಲೆ ಎತ್ತಿಕೊಂಡು ದಡಕ್ಕೆ ಬರುವ ಪರಿಸಲುಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಬರುತ್ತಿದ್ದುದು ಅವರದು. ಯಾಕೆ ಕೊನೆಗೆ ಎಂದು ಕೇಳಿದರೆ ಊರಿನ ಯಾರಾದರೂ ಹೇಳುತ್ತಿದ್ದರು: ಅವರು ಒಂದು ಸಲ ಬೇರೆಯವರ ಬಲೆ ಎತ್ತಿದ್ದರು, ಅದಕ್ಕೆ. ಆ ಬೇರೆಯವರು ಅಂದರೆ ನಮ್ಮಪ್ಪ.

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ಬಂದಾಗ ನನಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಕೊಳ್ಳೇಗಾಲದಿಂದ ಬಸ್ಸು ಹತ್ತಿ ಊರು ಸೇರುವವರೆಗೂ, ಈ ಮುಖ ಹೊತ್ತುಕೊಂಡು ಸಾವಿನ ಮನೆ ಬಾಗಿಲಲ್ಲಿ ಹೇಗೆ ನಿಲ್ಲುವುದು ಎಂಬುದೊಂದೇ ಯೋಚನೆ.

ಮೀನುಗಾರರು ಎಂದರೆ ಜನ ಸಮುದ್ರ, ಮರಳು, ತೆಂಗಿನಮರ ಎಂದುಕೊಳ್ಳುತ್ತಾರೆ. ನಮ್ಮದು ಉಪ್ಪಿಲ್ಲದ ನೀರು, ಮೆಟ್ಟೂರು ಡ್ಯಾಮಿನ ಹಿನ್ನೀರು. ಡ್ಯಾಮು ಕಟ್ಟಿ ಹೊಲಗಳು ಮುಳುಗಿದ ಮೇಲೆ ನಮ್ಮ ತಾತಂದಿರು ಅದೇ ಹೊಲಗಳ ಮೇಲೆ ಬಲೆ ಬಿಡಲು ಕಲಿತರು. ಹೊಲ ಉಳಿದ ನಮ್ಮವರೇ ಮಾರಂಡಹಳ್ಳಿ ಕಡೆ ರಾಗಿ ಬೆಳೆದುಕೊಂಡು ಉಳಿದರು, ಸ್ವಲ್ಪ ಸ್ವಲ್ಪವಾಗಿ ನಮ್ಮನ್ನು ಕಂಡರೆ ಮೂಗು ಮುರಿಯುವುದನ್ನೂ ಕಲಿತರು. ನಮ್ಮಲ್ಲಿ ಗಂಡ ಬಲೆ ಬಿಟ್ಟರೆ ಹೆಂಡತಿ ಹುಟ್ಟು ಹಾಕುತ್ತಾಳೆ. ಸಂಜೆ ಬಲೆ ಕಟ್ಟಿ ಬಂದರೆ ಮತ್ತೆ ಬೆಳಗಿನ ಜಾವ ಹೋಗಿ ಎತ್ತುವುದು. ಒಂದೊಂದು ಮನೆಗೆ ಒಂದೊಂದು ಜಾಗ, ತಾತನ ಕಾಲದಿಂದ ಬಂದದ್ದು. ಬಲೆ ತೇಲಲು ಕಟ್ಟುವ ಬೆಂಡಿಗೆ ಒಂದೊಂದು ಮನೆಯ ಗುರುತು. ನಮ್ಮದು ಹಳೇ ಚಪ್ಪಲಿಯ ತುಂಡಿಗೆ ಕೆಂಪು ಬಟ್ಟೆ.

ಅವರ ಜಾಗ ಎಲ್ಲರಿಗೂ ಹೊಟ್ಟೆಕಿಚ್ಚು ಬರಿಸುವಂಥದ್ದು. ಮುಳುಗಿದ ಹಳೇ ಊರಿನ ಏತದ ಕಲ್ಲುಕಂಬ ಅಲ್ಲಿ ನೀರಿನಿಂದ ತಲೆ ಎತ್ತಿ ನಿಂತಿರುತ್ತಿತ್ತು. ಅದಕ್ಕೆ ಬಲೆಯ ಒಂದು ತುದಿ ಕಟ್ಟಿದರೆ, ಕೆಳಗಿನ ಹಳೇ ಬಾವಿಯಿಂದ ಏಳುವ ದೊಡ್ಡ ಬಾಳೆಮೀನು ನೇರ ಬಂದು ಬೀಳುತ್ತಿತ್ತು.

ಆಳು ಗಿಡ್ಡ. ಟವಲು ಎಂದೂ ಹೆಗಲ ಮೇಲಿಲ್ಲ, ತಲೆ ಮೇಲೆಯೇ. ಪರಿಸಲಿಗೆ ಹತ್ತುವ ಮೊದಲು ಒಂದೊಂದೇ ಕಾಲನ್ನು ನೀರಿಗೆ ಅದ್ದಿ, ಬೆರಳ ಸಂದಿಯ ಮಣ್ಣನ್ನೂ ತೊಳೆದು ಒಳಗಿಡುತ್ತಿದ್ದರು. ನೆಂಟರಲ್ಲ, ಊರ ವರಸೆಯಲ್ಲಿ ನಮಗೆ ಚಿಕ್ಕಪ್ಪ. ಯಾಕೆ ಚಿಕ್ಕಪ್ಪಾ ಎಂದು ಕೇಳಿದ್ದೆ.

“ಊರ ಮಣ್ಣು ಒಳೀಕ್ ಬಂದ್ರೆ ಪರಿಸಲು ಊರ್ ಕಡೀಕೇ ಎಳೀತದೆ ಅಮ್ಮಣಿ. ಕೆಲ್ಸ ಆಗಲ್ಲ” ಅಂದಿದ್ದರು.

ಒಳ್ಳೆಯವರೇ, ಆದರೆ ಸಿಡುಕರು. ದಡದಲ್ಲಿ ಬೋರಲು ಹಾಕಿದ ಪರಿಸಲಿನ ಮೇಲೆ ನಾವು ಮಕ್ಕಳು ಕೂತರೆ ಹುಟ್ಟು ಎತ್ತಿಕೊಂಡೇ ಬರುತ್ತಿದ್ದರು. “ಅದ್ರ ಬೆನ್ನು ಮುರಿದ್ರೆ ನಿಮ್ಮಪ್ಪ ಬಂದು ಕಟ್ಕೊಡ್ತಾನೇನ್ಲಾ?” ಜಿಪುಣತನವೂ ಇತ್ತು. ಯಾರಾದರೂ ಎಲೆ ಕೇಳಿದರೆ ವೀಳ್ಯದೆಲೆಯನ್ನು ನಡುವೆ ಸೀಳಿ, ಯಾವ ಅರ್ಧ ಸಣ್ಣದೆಂದು ನೋಡಿ ಅದನ್ನು ಕೊಡುತ್ತಿದ್ದರು. ಎಲ್ಲರೂ ಫೈಬರ್ ಪರಿಸಲಿಗೆ ಹೋದ ಮೇಲೂ ಅವರು ಬಿದಿರು ಹೆಣೆದು ಟಾರು ಬಳಿದದ್ದನ್ನೇ ಇಟ್ಟುಕೊಂಡರು. ಫೈಬರಿನ ಮೇಲೆ ಕೂತರೆ ಪ್ಲಾಸ್ಟಿಕ್ ಬಕೀಟಿನಲ್ಲಿ ಕೂತ ಹಾಗಾಗುತ್ತದಂತೆ.

ಅವರ ಹೆಂಡತಿಯನ್ನು ನಾವು ಚಿಕ್ಕವ್ವ ಅನ್ನುತ್ತಿದ್ದೆವು. ಮಾತು ಕಡಿಮೆ, ತೋಳು ಗಟ್ಟಿ. ಪರಿಸಲು ನಿಂತಲ್ಲೇ ಸುತ್ತುವ ವಸ್ತು, ಅದನ್ನು ನೇರ ಹೊಡೆಯುವುದು ಸುಲಭವಲ್ಲ. ಆಕೆಯ ಕೈಯಲ್ಲಿ ಅದು ಸುತ್ತಿದ್ದನ್ನು ನಾನು ನೋಡಿಲ್ಲ.

ಇನ್ನು ಆ ದಿನದ ಮಾತು. ಅಕ್ಕನ ಮದುವೆ ಮಾರಂಡಹಳ್ಳಿಗೆ ಗೊತ್ತಾಗಿತ್ತು. ಚಪ್ಪರ ಹಾಕಲು ಇನ್ನು ಕೆಲವೇ ದಿನ. ಹುಡುಗನ ತಂದೆ ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿದಿದ್ದರು. ಬೆಳಿಗ್ಗೆ ಮೀನು ಬರುವುದನ್ನು ನೋಡಬೇಕೆಂದು ಬಿಳೀ ವೇಷ್ಟಿ ಉಟ್ಟು ದಡದಲ್ಲಿ ನಿಂತಿದ್ದರು. ಅಪ್ಪ ಅವರ ಪಕ್ಕದಲ್ಲಿದ್ದ. ಅಪ್ಪ ಅವತ್ತು ಇನ್ನೂ ಬಲೆ ಎತ್ತಲು ಹೋಗಿರಲಿಲ್ಲ. ಬೀಗರು ಬೇಗ ಎದ್ದು ಕಾಫಿ ಕೇಳಿದ್ದರಿಂದ ತಡವಾಗಿತ್ತು, ಒಂದು ಕಡೆ ನಿಲ್ಲಲಾಗದೆ ಅತ್ತಿತ್ತ ತುಳಿಯುತ್ತಿದ್ದ. ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆ.

ಅಷ್ಟರಲ್ಲಿ ಚಿಕ್ಕಪ್ಪನ ಪರಿಸಲು ಬಂತು. ಅವರು ಅದರಲ್ಲಿ ಎದ್ದು ನಿಂತಿದ್ದರು. ಪರಿಸಲಿನಲ್ಲಿ ಯಾರೂ ನಿಲ್ಲುವುದಿಲ್ಲ, ನಿಂತರೆ ಮಗುಚುತ್ತದೆ. ಒಂದು ಕೈಯಲ್ಲಿ ಹರಿದ ಬಲೆಯ ತುಂಡು ಎತ್ತಿ ಹಿಡಿದಿದ್ದರು. ಅದರಲ್ಲಿ ದೊಡ್ಡ ಬಾಳೆಮೀನೊಂದು ಸಿಕ್ಕಿಕೊಂಡು ಇನ್ನೂ ಒದ್ದಾಡುತ್ತಿತ್ತು, ಪಕ್ಕದಲ್ಲಿ ಚಪ್ಪಲಿ ತುಂಡು ಮತ್ತು ಕೆಂಪು ಬಟ್ಟೆ ಜೋತಾಡುತ್ತಿದ್ದವು. ದೂರದಿಂದಲೇ ಏನೋ ಕೂಗುತ್ತಾ ಬಂದರು. ದಡ ಹತ್ತಿರವಾದಾಗ ಕೂಗು ನಿಂತಿತು. ಎತ್ತಿದ ಕೈ ಮೆಲ್ಲಗೆ ಇಳಿಯಿತು.

ಊರ ಹಿರಿಯರೊಬ್ಬರು ಗುರುತು ನೋಡಿ ಕೇಳಿದರು. “ಇದು ಇವ್ರ ಮನೆ ಬಲೆ ಅಲ್ವೇನಯ್ಯಾ? ನಿನ್ ಕೈಯಾಗೆ ಯಾಕೈತೆ?”

ಚಿಕ್ಕಪ್ಪ ಅಪ್ಪನ ಮುಖ ನೋಡಿದರು. ಅಪ್ಪ ನೀರು ನೋಡಿದ. ಆಮೇಲೆ ಬೀಗರ ಬಿಳೀ ವೇಷ್ಟಿಯನ್ನು ಒಮ್ಮೆ ನೋಡಿ ಅವರೇ ಹೇಳಿದರು. “ಕತ್ಲಾಗ್ ಗೊತ್ತಾಗ್ಲಿಲ್ಲ ಅಣ್ಣ. ದಾರಿ ತಪ್ಪಿ ಇವ್ರ ಬಲೆ ಎತ್ಬಿಟ್ಟೆ. ತಪ್ಪಾಯ್ತು.”

ಹಿಂದೆ ಕೂತಿದ್ದ ಚಿಕ್ಕವ್ವ ಹುಟ್ಟನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಳು.

ನಮ್ಮಲ್ಲಿ ಇನ್ನೊಬ್ಬರ ಬಲೆ ಎತ್ತುವುದಕ್ಕಿಂತ ದೊಡ್ಡ ಕಳ್ಳತನವಿಲ್ಲ. ನೀರಿಗೆ ಬಾಗಿಲು ಬೀಗ ಇಲ್ಲವಲ್ಲ, ಹಾಗಾಗಿ. ಅದಕ್ಕೆ ಶಿಕ್ಷೆಯೂ ಮೊದಲಿಂದ ಇರುವುದೇ: ಎತ್ತಿದವನು ಒಂದು ಆಡಿ, ಅಂದರೆ ಆಷಾಢ ತಿಂಗಳಿಂದ ಇನ್ನೊಂದು ಆಡಿಯವರೆಗೆ, ಊರಿನ ಎಲ್ಲರೂ ಬಲೆ ಎತ್ತಿ ಮುಗಿಸಿದ ಮೇಲೆ ತನ್ನ ಬಲೆ ಎತ್ತಬೇಕು. ಹೊಡೆತ ಬೈಗುಳ ಏನೂ ಇಲ್ಲ, ಕಡೆಗೆ ಬರಬೇಕು ಅಷ್ಟೆ. ಕೇಳಲು ಹಗುರ. ಆದರೆ ಮೇಚೇರಿಯಿಂದ ಮೊಪೆಡ್‌ನಲ್ಲಿ ಬರುವ ವ್ಯಾಪಾರಿಗಳು ಬಿಸಿಲೇರುವ ಮೊದಲೇ ತಮ್ಮ ಡಬ್ಬಿ ತುಂಬಿಸಿಕೊಂಡು ಹೊರಟುಬಿಡುತ್ತಾರೆ. ಐಸೂ ಮುಗಿದಿರುತ್ತದೆ. ಕಡೆಗೆ ಬಂದವನ ಮೀನನ್ನು ಕೇಳುವವರಿರುವುದಿಲ್ಲ.

ಅಪ್ಪ ಆಗ ಬಾಯಿ ಬಿಟ್ಟ. “ಓಗ್ಲಿ ಬಿಡಿ, ಶಿಕ್ಷೆ ಬ್ಯಾಡ” ಅಂದ. ಹಿರಿಯರು, ಕಟ್ಟಳೆ ಕಟ್ಟಳೆಯೇ ಅಂದರು. ಆದರೆ ಅಪ್ಪನ ಆ ಒಂದು ಮಾತು ಊರೆಲ್ಲ ಸುತ್ತಿತು. ಬೀಗರಂತೂ ಕರಗಿಹೋದರು. ಇಂಥ ದೊಡ್ಡ ಮನಸ್ಸಿನ ಮನೆಯ ಹೆಣ್ಣು ಎಂದು ಅಕ್ಕನನ್ನು ತಲೆ ಮೇಲೆ ಹೊತ್ತುಕೊಂಡು ಹೋದರು. ನಾವೂ ಬೀಗಿದೆವು. ಹೊಸ ನೀರು ಬರುವ ಆಡಿ ಹದಿನೆಂಟಕ್ಕೆ, ಕೈ ಶುದ್ಧವಿರುವ ಮನೆಯವರು ಮೊದಲ ಪರಿಸಲು ಇಳಿಸಿ ಕರ್ಪೂರ ಹಚ್ಚುವುದು ನಮ್ಮ ಪದ್ಧತಿ. ಆ ವರ್ಷದಿಂದ ಆ ಮರ್ಯಾದೆ ನಮ್ಮ ಮನೆಗೆ ಬಂತು, ಬಂದದ್ದು ಹೋಗಲೇ ಇಲ್ಲ.

ಇನ್ನೊಂದು ಆಡಿ ಬಂತು, ಅವರ ಶಿಕ್ಷೆ ಮುಗಿಯಿತು. ಆದರೂ ಅವರು ಕಡೆಗೇ ಬಂದರು. ಕಲ್ಲುಕಂಬದ ಜಾಗವನ್ನೂ ಬಿಟ್ಟು ದೂರದ ಸಪ್ಪೆ ನೀರಿನಲ್ಲಿ ಬಲೆ ಬಿಟ್ಟರು. ಕೆಟ್ಟ ಹೆಸರು ಅಂಟಿದ ಜಾಗವೆಂದು ಬೇರೆ ಯಾರೂ ಅಲ್ಲಿಗೆ ಹೋಗಲಿಲ್ಲ. ಮರ್ಯಾದೆಗೆ ಅಂಜಿದ ಮನುಷ್ಯ ಎಂದು ಕೆಲವರು, ತಲೆಗೆ ಹತ್ತಿದೆ ಎಂದು ಕೆಲವರು. ನಾವು ಹುಡುಗರು ದಡದಲ್ಲಿ ನಿಂತು “ಕಡೇ ಪರಿಸಲು ಬಂತು, ಸಂತೆ ಮುಗೀತು” ಎಂದು ರಾಗ ಎಳೆಯುತ್ತಿದ್ದೆವು. ಚಿಕ್ಕವ್ವ ಒದ್ದೆ ಗೋಣಿಯ ಕೆಳಗೆ ಮೀನು ಮುಚ್ಚಿ, ಮಿಕ್ಕವರಿಗೆ ಬೇಡವಾದ ವ್ಯಾಪಾರಿ ಒಬ್ಬನಾದರೂ ಬರುತ್ತಾನೋ ಎಂದು ಕಾಯುತ್ತಿದ್ದಳು. ಬರದಿದ್ದರೆ ಬುಟ್ಟಿ ತಲೆಗೆ ಇಟ್ಟು ಹಳ್ಳಿ ಹಳ್ಳಿ ತಿರುಗುತ್ತಿದ್ದಳು.

ಅವ್ವ ಆ ಮನೆಯ ಪಾತ್ರೆ ಪಡಗ ತರಬಾರದು, ಆ ಪರಿಸಲು ಹತ್ತಬಾರದು ಎಂದು ಕಟ್ಟಪ್ಪಣೆ ಮಾಡಿದ್ದಳು. ನಾನು ಹತ್ತಿದೆ. ನನಗೆ ಹುಟ್ಟು ಹಾಕಲು ಕಲಿಸಿದವರು ಅವರೇ. “ನೀರ್ನ ಒಡೀಬ್ಯಾಡ ಅಮ್ಮಣಿ, ಪಕ್ಕಕ್ ಸರ್ಸು. ಅದ್ಕೇನ್ ನಿನ್ ಮ್ಯಾಲೆ ಸಿಟ್ಟೈತಾ?” ಆಮೇಲೆ ದಡ ಮುಟ್ಟುವ ಮೊದಲೇ ಇಳಿಸಿ, “ನಿಮ್ಮವ್ವಂಗ್ ಯೋಳ್ಬ್ಯಾಡ” ಅನ್ನುತ್ತಿದ್ದರು. ಕಳ್ಳನ ಹತ್ತಿರ ಕಲಿಯುತ್ತಿದ್ದೇನೆ ಎಂಬ ಪುಳಕವೂ ನನಗೆ ಇತ್ತು, ಸುಳ್ಳು ಯಾಕೆ ಹೇಳಲಿ.

ಅಪ್ಪನದು ಎಡಗೈ. ಅವನು ಹಾಕಿದ ಗಂಟನ್ನು ಬೇರೆಯವರು ಬಿಚ್ಚಲು ಹೋದರೆ ಇನ್ನೂ ಬಿಗಿಯಾಗುತ್ತಿತ್ತು. ಮನೆಯಲ್ಲಿ ಹಸು ಕಟ್ಟಿದರೆ ಅವನೇ ಬಂದು ಬಿಚ್ಚಬೇಕಿತ್ತು, ಅವ್ವ ಅದಕ್ಕೆ ದಿನವೂ ಗೊಣಗುತ್ತಿದ್ದಳು. ಅಪ್ಪ ಒಳ್ಳೆಯ ತಂದೆ. ಆದರೆ ಒಂದು ವಿಚಿತ್ರವಿತ್ತು. ಮೀನು ತೂಕ ಹಾಕಿಸಿದ್ದೇ ತಡ ದಡ ಬಿಟ್ಟು ಮನೆಗೆ ಓಡಿಬರುತ್ತಿದ್ದ. ಹರಟೆಗೆ ನಿಲ್ಲುತ್ತಿರಲಿಲ್ಲ. ಕಡೇ ಪರಿಸಲು ದಡ ಮುಟ್ಟುವಾಗ ಅಪ್ಪ ಅಲ್ಲಿದ್ದದ್ದು ನನಗೆ ನೆನಪಿಲ್ಲ.

ಅಪ್ಪ ತೀರಿಹೋದ ಮೇಲೆ ಒಂದು ಬೇಸಿಗೆ ನೀರು ತೀರಾ ಇಳಿಯಿತು. ಹಳೇ ಊರಿನ ಗುಡಿ ಮೇಲೆದ್ದಿದೆ ಎಂದು ಜನ ಪೂಜೆಗೆ ಹೊರಟರು. ತವರಿಗೆ ಬಂದಿದ್ದ ನಾನು ಅವ್ವನ ಜೊತೆ ಬಿರುಕುಬಿಟ್ಟ ಕೆಸರಿನ ಮೇಲೆ ನಡೆದುಕೊಂಡು ಹೋದೆ. ದಾರಿಯಲ್ಲಿ ಏತದ ಕಲ್ಲುಕಂಬ ಸಿಕ್ಕಿತು, ಬುಡದಿಂದ ತಲೆಯವರೆಗೆ ಪೂರ್ತಿ. ನನ್ನ ಎದೆಯ ಎತ್ತರದಲ್ಲಿ ನೈಲಾನು ಹಗ್ಗದ ತುಂಡೊಂದು ಸುತ್ತಿಕೊಂಡಿತ್ತು. ಪಾಚಿ ಒಣಗಿ ಬಿಳಿಚಿತ್ತು, ಗಂಟು ಮಾತ್ರ ಹಾಗೇ ಇತ್ತು. ಸುಮ್ಮನೆ ಬಿಚ್ಚಲು ಹೋದೆ. ಬಿಗಿಯಾಯಿತು.

“ಮುಟ್ಬ್ಯಾಡ, ಬಾ” ಅಂದಳು ಅವ್ವ.

“ಇದು ಅಪ್ಪನ ಗಂಟು. ಚಿಕ್ಕಪ್ಪನ್ ಜಾಗದಾಗೆ ಯಾಕೈತೆ?”

ಅವ್ವ ಮುಂದೆ ಮುಂದೆ ನಡೆದಳು. ನಾನು ನಿಂತೇ ಇದ್ದೆ. ಅವಳೇ ತಿರುಗಿ ಬಂದು ಆ ಬಿಸಿಲಿನಲ್ಲಿ ಕಂಬದ ನೆರಳಿಗೆ ಕೂತು ಹೇಳಿದಳು. ಆ ವಾರ ನಮ್ಮ ಜಾಗದಲ್ಲಿ ಮೀನೇ ಬೀಳುತ್ತಿರಲಿಲ್ಲ. ಬೀಗರ ಎದುರಿಗೆ ಬರೀ ಬುಟ್ಟಿ ಇಳಿಸುವುದು ಹೇಗೆಂದು ಅಪ್ಪನಿಗೆ ಚಿಂತೆ. ಸಂಜೆ ಎಲ್ಲರೂ ಬಲೆ ಕಟ್ಟಿ ಹೋದ ಮೇಲೆ ಅವನು ಅವ್ವನನ್ನೇ ಕರೆದುಕೊಂಡು ಹೋಗಿ, ಚಿಕ್ಕಪ್ಪನ ಬಲೆಯ ಮುಂದೆ ಅಡ್ಡವಾಗಿ, ಅವರದೇ ಕಂಬಕ್ಕೆ ನಮ್ಮ ಬಲೆ ಕಟ್ಟಿದ್ದ. ಯಾರೂ ಏಳುವ ಮೊದಲೇ ಹೋಗಿ ಎತ್ತಿಕೊಂಡು ಬರುವುದು ಅವನ ಲೆಕ್ಕ. ಬೀಗರ ಕಾಫಿ ಅದನ್ನು ಕೆಡಿಸಿತು.

“ಉಟ್ಟು ಆಕಿದ್ದು ನಾನೇ” ಅಂದಳು ಅವ್ವ. ಬೇರೇನೂ ಹೇಳಲಿಲ್ಲ. ಗುಡಿಗೆ ಹೋಗದೆ ಇಬ್ಬರೂ ಮನೆಗೆ ಬಂದೆವು.

ನನ್ನ ಕಣ್ಣ ಮುಂದೆ ಆ ಬೆಳಿಗ್ಗೆ ಮತ್ತೆ ನಿಂತಿತು. ಪರಿಸಲಿನಲ್ಲಿ ಎದ್ದು ನಿಂತು, ಬಲೆ ಎತ್ತಿ ತೋರಿಸುತ್ತಾ ಕೂಗಿಕೊಂಡು ಬರುವ ಕಳ್ಳ ಎಲ್ಲಿಯಾದರೂ ಇದ್ದಾನೆಯೇ? ಇಷ್ಟು ವರ್ಷ ಅದು ನನಗೆ ಹೊಳೆದಿರಲಿಲ್ಲ. ಊರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದು ನಮಗೆ ಬೇಕಾಗಿಯೂ ಇರಲಿಲ್ಲ.

ಮಾರನೇ ದಿನ ಅವರ ಮನೆಗೆ ಹೋದೆ. ಮಂಡಿ ಹಿಡಿದುಕೊಂಡು ಪರಿಸಲು ಹತ್ತುವುದನ್ನೇ ಬಿಟ್ಟಿದ್ದರು, ಜಗಲಿಯಲ್ಲಿ ಕೂತು ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹೊಲಿಯುತ್ತಿದ್ದರು. ಚಿಕ್ಕವ್ವ ಒಳಗೆ ಅಕ್ಕಿ ಆರಿಸುತ್ತಿದ್ದಳು. ಕಂಬದ ಗಂಟು ನೋಡಿದೆ ಅಂದೆ. ಸೂಜಿ ನಿಂತಿತು.

“ನಾನೂ ಬಿಚ್ಚಾಕ್ ನೋಡ್ದೆ. ಆಗ್ಲಿಲ್ಲ. ಬಲೆ ಕುಯ್ಕಂಡ್ ಬಂದೆ” ಅಂದರು. “ಸಾಧು ಅಂತ ಅನ್ಕಬ್ಯಾಡ ನನ್ನ. ಬ್ಯಾರೇರ ಬಲೆ ಅಂತ ಗೊತ್ತಿದ್ದೇ ಎತ್ತಿದ್ದು. ಸಿಟ್ಟು ಬಂದಿತ್ತು. ದಡ್ದಾಗೆ ಎಲ್ರ್ ಎದ್ರಿಗೂ ನಿಮ್ಮಪ್ಪನ ಮಕದ್ ಮ್ಯಾಲೆ ಎಸೀಬೇಕು ಅಂತಾನೇ ಬಂದೆ. ಬಂದ್ ನೋಡಿದ್ರೆ ಮಾರಂಡಹಳ್ಳಿ ಬೀಗ್ರು ನಿಂತವ್ರೆ. ಏನಂತ ಯೋಳ್ಲಿ? ಎಣ್ಣಿನ್ ಅಪ್ಪ ಕಳ್ಳ ಅಂತ್ಲಾ? ನಿಮ್ಮಕ್ಕ ನನ್ ಪರಿಸಲ್ದಾಗ್ ಆಡಿ ಬೆಳ್ದ ಮಗ.”

“ಮದ್ವೆ ಆದ್ಮ್ಯಾಲೆ ಯೋಳ್ಬೌದಿತ್ತಲ್ಲ ಚಿಕ್ಕಪ್ಪಾ.”

“ನಾನ್ಯಾಕ್ ಯೋಳ್ಲಿ? ಅವ್ನೇ ಬತ್ತಾನೆ ಅಂತ ಕಾದೆ. ವರ್ಸ ಮುಗೀತು, ಬರ್ಲಿಲ್ಲ. ಸರಿ, ಕಡೇಗೇ ಬರಾನ, ದಿನಾ ದಡ್ದಾಗ್ ನಿಂತ್ಕಂಡ್ ಅವ್ನು ನೋಡ್ಲಿ ಅಂತ ಅಟ ಇಡ್ದೆ.” ಸ್ವಲ್ಪ ನಕ್ಕರು. “ಅವ್ನು ನಿಲ್ತಾನೇ ಇರ್ಲಿಲ್ಲ. ನಂಗೂ ಕಡೇಗ್ ಬರೋದು ವಳಕ್ಕಂ, ರೂಢಿ ಆಗೋಯ್ತು.”

ಊರಿಗೆಲ್ಲ ಹೇಳುತ್ತೇನೆ ಅಂದೆ. ಅಳುತ್ತಿದ್ದೆ. ಅವರು ಸೂಜಿ ಮತ್ತೆ ಎತ್ತಿಕೊಂಡರು.

“ವಿಡಮ್ಮಾ, ಬಿಟ್ಬಿಡು. ಸತ್ತೋನ್ನ ಎಬ್ಸಿ ನಿಲ್ಸಾಕಾಯ್ತದಾ? ನಿಮ್ಮಕ್ಕನ ಮಕ್ಳು ದೊಡ್ಡೋರಾಗವ್ರೆ. ಯೋಳ್ಬ್ಯಾಡ ಯಾರ್ಗೂ. ಮಾತ್ ಕೊಡು.”

ಕೊಟ್ಟೆ. ಎಷ್ಟು ಬೇಗ ಕೊಟ್ಟೆ ಎಂದರೆ, ಅವರು ಕೇಳಿ ಮುಗಿಸುವ ಮೊದಲೇ ತಲೆಯಾಡಿಸಿದ್ದೆ. ಮನೆಗೆ ಬರುವ ದಾರಿಯಲ್ಲಿ ನನಗಾದದ್ದು ದುಃಖವಲ್ಲ, ನಿರಾಳ. ಅಪ್ಪನ ಹೆಸರು ಉಳಿಯಿತು, ಅಕ್ಕನ ಸಂಸಾರ ಉಳಿಯಿತು, ಮಾತು ಕೊಟ್ಟದ್ದರಿಂದ ನನ್ನ ಬಾಯಿಗೂ ಒಂದು ನೆಪ ಸಿಕ್ಕಿತು. ಆ ನಿರಾಳವನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಹೋದ ತಿಂಗಳು ಸಾವಿಗೆ ಹೋದಾಗ ಅವರನ್ನು ಬಾಗಿಲ ಮುಂದೆ ಮಲಗಿಸಿದ್ದರು. ತಲೆಗೆ ಟವಲು ಸುತ್ತಿದ್ದರು, ಅಷ್ಟಾದರೂ ಯಾರಿಗೋ ನೆನಪಿತ್ತು. ಬೆಂಚಿನ ಮೇಲೆ ಗಂಡಸರು ಕೂತು ಮಾತಾಡುತ್ತಿದ್ದರು. ಒಳ್ಳೇ ಆಳು, ಯಾರ ತಂಟೆಗೂ ಹೋದವರಲ್ಲ, ದುಡಿಮೆಗಾರ, ಹೀಗೆಲ್ಲ. ಒಬ್ಬರು ನಿಟ್ಟುಸಿರು ಬಿಟ್ಟು ಹೇಳಿದರು. “ಆಮಾ. ಅದೊಂದು ಬಿಟ್ರೆ ಬಂಗಾರದಂತಾ ಮನ್ಸ.”

ಎಲ್ಲರೂ ತಲೆಯಾಡಿಸಿದರು. ನನ್ನ ತಮ್ಮನೂ ಆಡಿಸಿದ. ಅವನಿಗೆ ಏನೂ ಗೊತ್ತಿಲ್ಲ. ಬರುವ ಆಡಿಗೆ ಮೊದಲ ಪರಿಸಲು ಇಳಿಸುವುದು ಅವನೇ, ಹೊಸ ವೇಷ್ಟಿ ಕೂಡ ತಂದಿಟ್ಟುಕೊಂಡಿದ್ದಾನೆ. ಹೆಂಗಸರ ನಡುವೆ ಕೂತಿದ್ದ ಚಿಕ್ಕವ್ವ ತಲೆಯೆತ್ತಿ ನನ್ನನ್ನೇ ನೋಡಿದಳು. ನಾನು ಅಪ್ಪನ ಮಗಳು, ನೆಲ ನೋಡಿದೆ.

ಮಣ್ಣು ಮುಗಿದು ಜನ ಚೆದುರಿದ ಮೇಲೆ ಆಕೆಯ ಹತ್ತಿರ ಕೂತೆ. ಆ ದಿನ ಬೆಳಿಗ್ಗೆ ಹುಟ್ಟು ಹಾಕಿದ್ದು ಆಕೆ, ಎಲ್ಲ ಕಣ್ಣಾರೆ ಕಂಡವಳು, ಅಷ್ಟು ವರ್ಷ ಬಿಸಿಲಲ್ಲಿ ಮೀನಿನ ಬುಟ್ಟಿ ಹೊತ್ತವಳು. ಏನಾದರೂ ಹೇಳಬೇಕಲ್ಲ ಎಂದು, “ಚಿಕ್ಕಪ್ಪ ಯೋಳ್ಬ್ಯಾಡ ಅಂತ ಮಾತ್ ತಕಂಡ್ರು ಚಿಕ್ಕವ್ವಾ” ಅಂದೆ.

ಆಕೆ ಸೆರಗಿನ ತುದಿಯ ಗಂಟು ಬಿಚ್ಚಿ ಅಡಿಕೆ ಹುಡುಕಿದಳು. ಸಿಕ್ಕಲಿಲ್ಲ.

“ಅವ್ರು ಬ್ಯಾಡ ಅಂದ್ರು” ಅಂದಳು. “ನಾನು ಬ್ಯಾಡ ಅಂದಿಲ್ಲ.”

ಬಾಗಿಲಾಚೆ ಬೆಂಚಿನ ಮೇಲೆ ಇನ್ನೂ ಕೆಲವರು ಇದ್ದರು. ಎದ್ದು ಹೋಗಿ ಹೇಳಿದ್ದರೆ ಮುಗಿದಿತ್ತು. ನಾನು ಚಪ್ಪಲಿ ಹಾಕಿಕೊಂಡು ಬಸ್ಸಿಗೆ ಹೊತ್ತಾಯಿತು ಅಂದೆ. ಬಸ್ಸಿಗೆ ಹೊತ್ತಾಗಿರಲಿಲ್ಲ.

ಈಗ ಇಲ್ಲಿ ಬರೆಯುತ್ತಿದ್ದೇನೆ. ನಮ್ಮೂರಿನಲ್ಲಿ ಎಲ್ಲರ ಮನೆಯ ಮಾತೂ ಕನ್ನಡವೇ. ಆದರೆ ಶಾಲೆ ತಮಿಳಿನದು, ಕನ್ನಡದ ಅಕ್ಷರ ಅಲ್ಲಿ ಯಾರಿಗೂ ಬರುವುದಿಲ್ಲ. ನಾನು ಕಲಿತದ್ದೂ ಮದುವೆಯಾಗಿ ಈ ಕಡೆ ಬಂದ ಮೇಲೆ, ಬಸ್ಸಿನ ಬೋರ್ಡು ಓದಿ ಓದಿ. ಅವರು ಕಳ್ಳರಲ್ಲ, ನಮ್ಮಪ್ಪ ಅವರ ಜಾಗದಲ್ಲಿ ಬಲೆ ಕಟ್ಟಿದ್ದ, ಹುಟ್ಟು ಹಾಕಿದ್ದು ನಮ್ಮವ್ವ ಎಂದು ಇಷ್ಟು ಸ್ಪಷ್ಟವಾಗಿ ಬರೆಯುವ ಧೈರ್ಯ ನನಗೆ ಬಂದದ್ದು, ಚಿಕ್ಕವ್ವನಿಗೂ ಆ ಬೆಂಚಿನ ಮೇಲಿದ್ದವರಿಗೂ ಇದನ್ನು ಓದಲು ಬರುವುದಿಲ್ಲ ಎಂಬ ಕಾರಣಕ್ಕೆ.